ಹೊಳೆಯಿಂದ ಕಂಡ ಕಾಲೇಜು

"ಅಣ್ಣ, ಸಂಜಿ ನಾಲ್ಕ್ ಗಂಟಿಗೆ ಬತ್ತೆ. ಒಂದ್ ಫೋಟೊದ್ ವಿಷ್ಯ ಇತ್ತ್," ಎಂದು ಪ್ರಣೀತಾ ಫೋನಿನಲ್ಲಿ ಹೇಳಿದಾಗ ಸುಜನ್ ಯಾರದೋ ಪಾಸ್‌ಪೋರ್ಟ್ ಚಿತ್ರದ ಹಿನ್ನೆಲೆಯನ್ನು ಬಿಳಿ ಮಾಡುತ್ತ ಕೂತಿದ್ದ. "ಬಾ ಮಗಾ, ಅದಕ್ಕೆಂತ, ಬಾ," ಎಂದ. ಅಷ್ಟು ಸಲೀಸಾಗಿ ಮಾತು ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಫೋನಿಟ್ಟು ನೋಡಿದರೆ ಪರದೆಯ ಮೇಲಿನ ಗಿರಾಕಿಯ ಅರ್ಧ ಕಿವಿ ಬಿಳಿಯಲ್ಲಿ ಕರಗಿಹೋಗಿತ್ತು. ಅದನ್ನು ಹಿಂದಕ್ಕೆ ತಂದ. ಹನ್ನೊಂದು ದಿನದ ಹಿಂದೆ ಕಾಲೇಜಿನ ಹೊಳೆ ಬದಿಯ ಗೋಡೆ ಕುಸಿದು, ಅದರಡಿ ಸತ್ತ ಉಮಾವತಿಯ ಮಗಳು ಪ್ರಣೀತಾ. ಓದುವುದು ಅದೇ ಕಾಲೇಜಿನಲ್ಲಿ, ಬಿಕಾಂ ಎರಡನೇ ವರ್ಷ. ಅವಳಿಗೆ ಗೊತ್ತಾಗಿದೆ. ಗೊತ್ತಾಗದೆ ಫೋಟೊದ ವಿಷಯ ಎಂದು ಯಾಕೆ ಹೇಳುತ್ತಾಳೆ? ಹೇಳಿದವನು ದೋಣಿಯ ಮಂಜನೇ ಇರಬೇಕು. ಮಂಜ ಬಾಯಿ ಬಿಡುವ ಪೈಕಿಯವನಲ್ಲ, ಆದರೆ ಸಾವಿನ ಮನೆಯ ಜಗಲಿಯಲ್ಲಿ ದಿನಗಟ್ಟಲೆ ಕೂತರೆ ಎಂಥವನಿಗೂ ಒಂದು ಮಾತು ಜಾರುತ್ತದೆ. ಬ್ರಹ್ಮಾವರದ ಬಸ್ಸುಗಳು ಕೆಳಗೆ ಹಾರ್ನ್ ಹಾಕುತ್ತಿದ್ದವು. ಸುಜನ್ ಎದ್ದು ಸ್ಟುಡಿಯೋದ ಕಿಟಕಿ ಹಾಕಿದ, ಸೆಖೆಯಾಯಿತು, ಮತ್ತೆ ತೆರೆದ.

ಕಾಲೇಜಿನ ಚಿತ್ರಗಳ ಫೋಲ್ಡರನ್ನು ಈ ಹನ್ನೊಂದು ದಿನ ಅವನು ತೆರೆದಿರಲಿಲ್ಲ. ಈಗ ತೆರೆದ. ಇನ್ನೂರ ಹದಿನಾಲ್ಕು ಚಿತ್ರಗಳು. ಹಂಚಿನ ಮಾಡಿನ ಹಳೇ ಕಟ್ಟಡ, ಅದರ ಕಮಾನುಗಳ ಉದ್ದನೆ ಜಗಲಿ, ಬೆಳಿಗ್ಗೆ ಎಂಟೂವರೆಯ ಬಿಸಿಲು ಕಂಬದಿಂದ ಕಂಬಕ್ಕೆ ಓರೆಯಾಗಿ ಬಿದ್ದದ್ದು. ಮರದ ಕೈಹಿಡಿಯ ಮೆಟ್ಟಿಲು. ಹೊಸ ಬ್ಲಾಕಿನ ಗಾಜು. ಲೈಬ್ರರಿಯಲ್ಲಿ ಓದುತ್ತಿರುವ ಮಕ್ಕಳು, ಲ್ಯಾಬಿನಲ್ಲಿ ಪರೀಕ್ಷಾನಳಿಕೆ ಎತ್ತಿ ಹಿಡಿದ ಮಕ್ಕಳು, ಗಿಡ ನೆಡುವ ಮಕ್ಕಳು, ಯೋಗ ಮಾಡುವ ಮಕ್ಕಳು. ಸರಿಯಾಗಿ ನೋಡಿದರೆ ಎಲ್ಲ ಕಡೆ ಅವೇ ಎಂಟು ಮಕ್ಕಳು. ಗ್ರೇಡು ಕೊಡುವ ಸಮಿತಿ ಬರುತ್ತದೆಂದು ಕಾಲೇಜಿನವರು ಚಂದ ಕಾಣುವ ಎಂಟು ಜನರನ್ನು ಆರಿಸಿ, ಎರಡು ದಿನ ಪಾಠ ತಪ್ಪಿಸಿ, ಅವನ ಹಿಂದೆ ಕಳಿಸಿದ್ದರು. ಇಂಗ್ಲಿಷ್ ಕಾದಂಬರಿಯನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ಓದುತ್ತಿದ್ದ ಕೀರ್ತನ್ ಎಂಬ ಹುಡುಗನ ಚಿತ್ರವೂ ಇತ್ತು. ಆಗ ಎಲ್ಲರೂ ಬಿದ್ದುಬಿದ್ದು ನಕ್ಕಿದ್ದರು, ಸುಜನನೂ ನಕ್ಕಿದ್ದ. ಅವನಿಗೆ ಆ ಎರಡು ದಿನ ನಿಜಕ್ಕೂ ಸುಖವಾಗಿತ್ತು. ಮದುವೆ, ಸೀಮಂತ, ಬ್ಯಾಂಕಿನ ಅರ್ಜಿಗೆ ಎರಡೆರಡು ಇಂಚಿನ ಮುಖ ತೆಗೆದು ಸಾಕಾಗಿದ್ದವನಿಗೆ ಆ ಕಟ್ಟಡ ಸಿಕ್ಕಿತ್ತು. ತಾನು ಹತ್ತನೇ ಕ್ಲಾಸಿಗೇ ಬಿಟ್ಟ ಓದು ಅಲ್ಲಿ ಕಂಬಗಳ ನಡುವೆ ಎಲ್ಲೋ ಇನ್ನೂ ನಡೆಯುತ್ತಿದೆ ಎನ್ನಿಸಿ, ಯಾರಿಗೂ ಹೇಳಲಾಗದ ಒಂದು ಹೊಟ್ಟೆಯುರಿಯಲ್ಲಿ ಚಂದ ಚಂದ ಚಿತ್ರ ತೆಗೆದಿದ್ದ. ಎಲ್ಲದಕ್ಕಿಂತ ಒಳ್ಳೆಯದು ಹೊಳೆಯಿಂದ ತೆಗೆದದ್ದು. ಸಮಿತಿಗೆ ತೋರಿಸಲೆಂದು ಕಾಲೇಜು ಅಚ್ಚು ಹಾಕಿಸಿದ ಪುಸ್ತಕದ ಮುಖಪುಟಕ್ಕೆ ಹೋದದ್ದು ಅದೇ.

ಫೆಬ್ರುವರಿ, ಬೆಳಿಗ್ಗೆ ಹತ್ತರ ಹೊತ್ತು, ಹೊಳೆಯ ನೀರು ಇಳಿತದಲ್ಲಿತ್ತು. ಹಂಗಾರಕಟ್ಟೆಯ ಮಂಜನ ದೋಣಿ. ಗಾಳಿ ಇಲ್ಲ, ಹೊಳೆ ನಿಂತ ಹಾಗಿತ್ತು. ಕಾಲೇಜಿನ ಮ್ಯಾನೇಜರ್ ಪ್ರಖ್ಯಾತ್, ಸುಜನನಿಗಿಂತ ಹತ್ತು ವರ್ಷಕ್ಕೆ ಚಿಕ್ಕವ, ಸೆಕ್ರೆಟರಿಯವರ ಮಗ, ಕಿತ್ತಳೆ ಬಣ್ಣದ ಲೈಫ್ ಜಾಕೆಟು ಬಿಗಿದುಕೊಂಡು ದೋಣಿಯ ನಡುವೆ ಕೂತಿದ್ದ. ಒಳ್ಳೆ ಹುಡುಗ, ದನಿ ಎತ್ತುವವನಲ್ಲ, ಎಲ್ಲರಿಗೂ ಅಣ್ಣ ಅಕ್ಕ ಎನ್ನುವವನು. ಲೆನ್ಸಿನಲ್ಲಿ ಸುಜನನಿಗೆ ಮೊದಲು ಕಂಡದ್ದು ಗೋಡೆ. ಹಳೇ ಮುರಕಲ್ಲಿನ, ತೂತುತೂತಿನ ಕೆಂಪು ಕಲ್ಲಿನ, ಗೋಡೆ, ಎರಡಾಳೆತ್ತರ, ಹಿಂದೆ ಮಣ್ಣು ತುಂಬಿ ಅದರ ಮೇಲೆ ಈಗ ವಾಹನ ನಿಲ್ಲಿಸುವ ಜಾಗ ಮಾಡಿದ್ದರು. ನಡುಭಾಗ ಹೊಟ್ಟೆ ಬಂದ ಹಾಗೆ ಉಬ್ಬಿತ್ತು. ಮೇಲಿಂದ ಕೆಳಗೆ ಒಂದು ಸೀಳು, ಬುಡದ ಹತ್ತಿರ ಕೈ ಹೋಗುವಷ್ಟು ಅಗಲ, ಅಂಚಿಗೆ ಹಸಿರು ಪಾಚಿ. "ಪ್ರಖ್ಯಾತ್ ಸರ್, ಗೋಡೆ ಹೊಟ್ಟಿ ಬಂದಿತ್ತ್ ಕಾಣಿ," ಎಂದಿದ್ದ. ಪ್ರಖ್ಯಾತ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಹ್ವಾಯ್, ಅದ್ ಗೊತ್ತಿತ್ತ್ ಸುಜನಣ್ಣ. ರಜೆಯಗೆ ಸರಿ ಮಾಡುದ್ ಅಂದೇಳಿ ಇತ್ತ್. ಈಗ ಚಿತ್ರದಗೆ ಕಾಂಬುಕಾಗ ಅಷ್ಟೇ," ಎಂದಿದ್ದ. ಆಮೇಲೆ ಗೋಡೆಯ ಬುಡಕ್ಕೆ ಬೆರಳು ತೋರಿಸಿ, "ಅವ್ರ್ಯಾರ್? ನಿಮ್ ಕೇರಿಯವ್ರಾ? ಒಂಚೂರ್ ಆಚಿಗ್ ಹೋಪುಕೆ ಹೇಳಿ," ಎಂದ. ಬುಡದ ನೆರಳಲ್ಲಿ ಮೂವರು ಹೆಂಗಸರು ಕೂತು ಮಾರಲು ಹೆಕ್ಕಿದ ಚಿಪ್ಪುಮೀನು ಆರಿಸುತ್ತಿದ್ದರು. ಇಳಿತದ ಹೊತ್ತಿಗೆ ಸೊಂಟದ ನೀರಲ್ಲಿ ಚಿಪ್ಪು ಹೆಕ್ಕಿ, ಆ ಗೋಡೆಯ ನೆರಳಲ್ಲಿ ಕೂತು ಸಣ್ಣದು ದೊಡ್ಡದು ಬೇರೆ ಮಾಡಿ, ಎಲೆಯಡಿಕೆ ಹಾಕಿ ಏಳುವುದು ಅವರ ಅಮ್ಮಂದಿರ ಕಾಲದಿಂದಲೂ ನಡೆದದ್ದು. ಅಂಚಿಗೆ, ನೀರಿಗೆ ಹತ್ತಿರ, ಕೂತವಳು ಉಮಾವತಿ, ಅವನ ಬಾಯಲ್ಲಿ ಚಿಕ್ಕಿ, ಚಿಕ್ಕಮ್ಮ. ಅವನ ಅಮ್ಮ ಟೈಫಾಯ್ಡ್ ಬಂದು ಮಣಿಪಾಲದಲ್ಲಿ ಮಲಗಿದ್ದಾಗ ಎರಡು ತಿಂಗಳು ಅವನಿಗೆ ಗಂಜಿ ಹಾಕಿದವಳು. "ಗೊತ್ತಿಲ್ಲೆ ಸರ್," ಎಂದಿದ್ದ ಸುಜನ್. ಮಂಜ ಹುಟ್ಟು ಹಾಕುವುದನ್ನು ಒಂದು ಗಳಿಗೆ ನಿಲ್ಲಿಸಿ ಅವನ ಬೆನ್ನು ನೋಡಿದ್ದು ಅವನಿಗೆ ಬೆನ್ನಿನಿಂದಲೇ ತಿಳಿಯಿತು. "ಇರ್ಲಿ ಬಿಡಿ ಸರ್, ಕಂಪ್ಯೂಟರಗೆ ತೆಗುಕಾತ್," ಎಂದು ಬಟನು ಒತ್ತಿದ್ದ.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಉತ್ತರ ಅಷ್ಟೇನೂ ದೊಡ್ಡದಿರಲಿಲ್ಲ. ಕುತ್ತಿಗೆಯಲ್ಲಿ ಎರಡು ಕ್ಯಾಮೆರಾ ಇತ್ತು, ಇಸ್ತ್ರಿ ಮಾಡಿದ ಅಂಗಿ ಇತ್ತು, ಪ್ರಖ್ಯಾತ್ ಸರ್ ಹೆಸರು ಹಿಡಿದು ಅಣ್ಣ ಎಂದಿದ್ದ. ಅಷ್ಟೇ. ಆ ಸಂಜೆ ಇದೇ ಕುರ್ಚಿಯಲ್ಲಿ ಕೂತು ಮೂವರನ್ನೂ ಅಳಿಸಿದ್ದ. ಪಕ್ಕದ ಖಾಲಿ ಹೊಯ್ಗೆಯಿಂದ, ಆ ಮರಳಿನಿಂದ, ಚೂರು ಚೂರು ಎತ್ತಿ ಅವರ ಮೇಲೆ ಹಚ್ಚುತ್ತ ಹೋದರೆ ಆಯಿತು, ಅದು ಹತ್ತು ನಿಮಿಷದ ಕೆಲಸ. ಗೋಡೆ ಮಾತ್ರ ಮುಕ್ಕಾಲು ಗಂಟೆ ತಿಂದಿತು. ಮುರಕಲ್ಲಿನ ಒಂದೊಂದು ಕಲ್ಲಿನ ತೂತೂ ಬೇರೆ, ಒಂದೇ ತೂತು ಎರಡು ಕಡೆ ಕಂಡರೆ ಕಳ್ಳತನ ಸಿಕ್ಕಿಬೀಳುತ್ತದೆ. ಮದುಮಗಳ ಮುಖದ ಮೊಡವೆ ಕಲೆ ತೆಗೆಯುವ ಕೈ ಅವನದು. ಸೀಳು ಮುಚ್ಚಿತು, ಹೊಟ್ಟೆ ಇಳಿಯಿತು, ಗೋಡೆ ನಿನ್ನೆ ಕಟ್ಟಿದ ಹಾಗೆ ನಿಂತಿತು. ಕೆಲಸ ಮುಗಿಸಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ತನ್ನಷ್ಟಕ್ಕೆ ಸೀಟಿ ಹಾಕಿದ್ದ, ಅದು ನೆನಪಿದೆ. ಬೇಸಿಗೆ ರಜೆ ಬಂತು, ಹೋಯಿತು. ಗೋಡೆಗೆ ಯಾರೂ ಕೈ ಹಚ್ಚಲಿಲ್ಲ. ಸಿಮೆಂಟು ಸವರಿ ಬಣ್ಣ ಹೊಡೆದರು. ಸಮಿತಿ ಬಂತು, ಮುಖಪುಟ ನೋಡಿ ತಲೆದೂಗಿತಂತೆ. ಆ ನಡುವೆ ಸುಜನ್ ಕೇರಿಗೆ ಎರಡು ಸಲ ಹೋಗಿದ್ದ. ಒಂದು ಸಲ ಉಮಾವತಿ ಚಿಕ್ಕಿ ದಾರಿಯಲ್ಲೇ ಸಿಕ್ಕಿ, "ಎಂತ ಮಾರಾಯ, ದೊಡ್ ಜನ ಆದೆ," ಎಂದು ನಕ್ಕು ಇನ್ನೇನೋ ಹೇಳಹೊರಟಳು. ಬಸ್ಸು ತಪ್ಪುತ್ತದೆಂದು ಅವನು ಓಡಿದ್ದ. ಆ ಗೋಡೆಯಡಿ ಕೂರಬೇಡ ಚಿಕ್ಕಿ ಎಂಬ ನಾಲ್ಕು ಶಬ್ದ ಹೇಳಲಿಕ್ಕೆ ಎಷ್ಟು ಹೊತ್ತು ಬೇಕಿತ್ತು? ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ ಎಂದು ಹೆದರಿದ್ದ.

ಅಕ್ಟೋಬರಿನ ಮಳೆ ನಾಲ್ಕು ದಿನ ಹೊಯ್ದು, ನಿಂತು, ಬಿಸಿಲು ಬಂದ ದಿನವೇ ಗೋಡೆ ಬಿದ್ದದ್ದು. ಜೊತೆಯವರಿಬ್ಬರು, ಸೀತು ಮತ್ತೆ ವನಜ, ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೊರಟಾಗಿತ್ತು; ಉಮಾವತಿ ಎಲೆಗೆ ಸುಣ್ಣ ಹಚ್ಚುತ್ತ ಬತ್ತೆ, ನೀವ್ ನಡೀರಿ ಎಂದಳಂತೆ. ಮಾರನೇ ದಿನದ ಪೇಪರಿನಲ್ಲಿ ಕಾಲೇಜಿನವರ ಹೇಳಿಕೆ ಬಂತು: ಗೋಡೆ ಸುಸ್ಥಿತಿಯಲ್ಲಿತ್ತು, ಅಲ್ಲಿ ಯಾರೂ ಕೂರುವ ವಾಡಿಕೆ ಇರಲಿಲ್ಲ, ಮೃತ ಮಹಿಳೆ ಬುಡದಲ್ಲಿ ಹೊಯ್ಗೆ ತೋಡಿದ್ದೇ ಕುಸಿತಕ್ಕೆ ಕಾರಣವಿರಬಹುದು. ಜೊತೆಗೆ ಸಾಕ್ಷಿಯಾಗಿ ಒಂದು ಚಿತ್ರ. ಅವನದೇ ಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ, ಫೆಬ್ರುವರಿಯಲ್ಲಿ ಕಂಡಂತೆ. ಕೇರಿಯಲ್ಲೂ ಎರಡು ಮಾತು ಶುರುವಾಗಿತ್ತು, ಹೊಯ್ಗೆ ತೋಡಿದ್ದು ಹೌದಿರಬಹುದು ಎಂದು ಕೆಲವರು. ಸತ್ತವಳ ತಲೆಯ ಮೇಲೆ ಗೋಡೆಯ ಜೊತೆ ತಪ್ಪೂ ಬಿದ್ದಿತ್ತು.

ಪ್ರಣೀತಾ ಫೋನು ಮಾಡಿದ ದಿನವೇ, ಬೆಳಿಗ್ಗೆ ಹನ್ನೊಂದಕ್ಕೆ, ಪ್ರಖ್ಯಾತನ ಫೋನು ಬಂತು. "ಸುಜನಣ್ಣ, ಊಟ ಆಯ್ತಾ?" ಎಂದ, ಹನ್ನೊಂದು ಗಂಟೆಗೆ. "ನಾಳೆ ತಾಲೂಕಿಂದ ತನಿಖೆಗೆ ಬತ್ರ್. ನಮ್ ಚಿತ್ರದ್ ಒರಿಜಿನಲ್ ನಿಮ್ಮತ್ರ ಇತ್ತಾ ಇನ್ನೂ?"

"ಇತ್ತೇನೊ. ಕಾಣ್ಕ್."

"ನಾನೆಂತ ಹೇಳುದಿಲ್ಲೆ. ನಿಮ್ ಕಂಪ್ಯೂಟರ್, ನಿಮ್ ಸಾಮಾನ್. ಸುಮ್ನೆ ಜಾಗ ತಿಂತತ್ ಅಲ್ದಾ ಹಳೀದೆಲ್ಲ? ನಾಳೆ ಯಾರಾರೂ ಕೇಣ್ರೆ, ಚಿತ್ರದಗೆ ಗೋಡೆ ಸರಿ ಮಾಡಿದ್ದ್ ನಿಮ್ ಕೈ, ನಮ್ದಲ್ಲ. ನಿಮ್ಗೇ ತೊಂದ್ರಿ ಆಪ್ದ್ ಬ್ಯಾಡ ಅಂದೇಳಿ ಹೇಳ್ದೆ." ದನಿ ಅಷ್ಟೂ ಮೆತ್ತಗಿತ್ತು. ಸುಜನ್, "ಆಯ್ತ್ ಸರ್," ಎಂದ. ಯಾವುದಕ್ಕೆ ಆಯ್ತು ಎಂದೆ ಎಂಬುದು ಫೋನಿಟ್ಟ ಮೇಲೂ ಅವನಿಗೆ ಪೂರ್ತಿ ಸ್ಪಷ್ಟವಾಗಲಿಲ್ಲ.

ಊಟಕ್ಕೆ ಹೋಗಲಿಲ್ಲ. ಮೂಲ ಚಿತ್ರ ತೆರೆದು ಕೂತ. ಕೊಟ್ಟುಬಿಡುವುದು, ಪ್ರಣೀತಾ ಬಂದರೆ ಪೆನ್‌ಡ್ರೈವಿಗೆ ಹಾಕಿ ಕೊಟ್ಟುಬಿಡುವುದು. ಸೀಳು ಇದೆ, ಪಾಚಿ ಇದೆ, ಹೆಂಗಸರು ದಿನಾ ಕೂರುವ ಹಾಗೆಯೇ ಕೂತಿದ್ದಾರೆ, ತಾರೀಕೂ ಇದೆ. ಒಂದು ಚಿತ್ರ ಸಾಕು ಅವಳ ಅಮ್ಮನ ಹೆಸರು ಚೊಕ್ಕ ಆಗಲಿಕ್ಕೆ. ಆದರೆ ಕೊಟ್ಟರೆ ಮೊದಲು ಕೇಳುವುದು ಅವಳೇ: ಇದರಲ್ಲಿದ್ದದ್ದು ಅದರಲ್ಲಿ ಯಾಕಿಲ್ಲ ಅಣ್ಣ? ಆಮೇಲೆ ಕೇರಿ ಕೇಳುತ್ತದೆ. ಅಮ್ಮ ಕೇಳುತ್ತಾಳೆ. ಚಿತ್ರವನ್ನು ದೊಡ್ಡದು ಮಾಡಿದ. ಉಳಿದಿಬ್ಬರು ತಲೆ ತಗ್ಗಿಸಿದ್ದಾರೆ. ಉಮಾವತಿ ಚಿಕ್ಕಿ ಮಾತ್ರ ಒಂದು ಮೊಣಕಾಲು ಎತ್ತಿ, ತಲೆ ಒಂಚೂರು ಓರೆ ಮಾಡಿ, ನೇರ ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ. ಅಷ್ಟು ದೂರದಿಂದ ಗುರುತು ಹಿಡಿದಿದ್ದಳು. ಫೆಬ್ರುವರಿಯಲ್ಲೂ ಆ ನೋಟ ಅವನನ್ನು ಚುಚ್ಚಿತ್ತು: ಗೊತ್ತಿಲ್ಲೆ ಎಂದೆಯಲ್ಲ, ಕೇಳಿತು ನನಗೆ, ಎನ್ನುವ ಹಾಗೆ. ಹೊಳೆಯ ಮೇಲೆ ಮಾತು ದೂರ ಹೋಗುತ್ತದೆ. ಅವಳ ಮನೆಯ ಅಡುಗೆಕೋಣೆಯಲ್ಲಿ ಅವನು ಏಳು ವರ್ಷದವನಾಗಿ ಕೂತು ಗಂಜಿಗೆ ಸುಟ್ಟ ಒಣಮೀನು ನೆಂಚಿಕೊಂಡದ್ದು, ಅಮ್ಮ ಸಾಯುತ್ತಾಳಾ ಚಿಕ್ಕಿ ಎಂದು ಕೇಳಿದ್ದು, ಅವಳು ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಇಟ್ಟದ್ದು. ಆಗಲೂ ಹೀಗೇ ಒಂದು ಮೊಣಕಾಲೆತ್ತಿ ಕೂತಿದ್ದಳು. ಎರಡೂವರೆಗೆ ಅವನು ಚಿತ್ರವನ್ನು ಅಳಿಸಿದ. ಖಾಯಂ ಆಗಿ ಅಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಹೌದು ಎಂದು ಒತ್ತಿದ. ಕ್ಯಾಮೆರಾದ ಕಾರ್ಡಿನ ಮೇಲೆ ಅದಾಗಲೇ ನಲವತ್ತು ಮದುವೆ ಆಗಿಹೋಗಿತ್ತು. ಕೆಳಗಿಳಿದು ಒಂದು ಲೋಟ ಚಾ ಕುಡಿದು ಬಂದ.

ಪ್ರಣೀತಾ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಕಾಲೇಜಿನ ಚೀಲವೇ ಹೆಗಲಲ್ಲಿತ್ತು. ಕೂರಲು ಹೇಳಿದರೂ ಕೂರದೆ, ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿಟ್ಟ ಆಧಾರ್ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಾಡಿದ್ದ್ ಬೊಜ್ಜ ಅಣ್ಣ, ಅಮ್ಮನ್ ಉತ್ತರಕ್ರಿಯೆ. ಅಮ್ಮಂದ್ ಒಂದ್ ಫೋಟೊ ಇಲ್ಲೆ ಮನೆಯಗೆ. ಇದೊಂದೇ ಇಪ್ದ್. ಇದ್ರಗೆ ಅಮ್ಮ ಅಂದೇಳಿ ಗೊತ್ತೇ ಆತಿಲ್ಲೆ."

ಸುಜನ್ ಕಾರ್ಡು ನೋಡಿದ. ಬೂದಿ ಬಣ್ಣದ ಒಂದು ಮುಖ, ಹೆದರಿದ ಕಣ್ಣು. ಅವನಿಗೆ ಮೊದಲು ಬಂದದ್ದು ಬದುಕಿದೆ ಎಂಬ ಸಮಾಧಾನ. ಇದಕ್ಕೆ ಬಂದದ್ದಾ ಇವಳು, ಇಷ್ಟಕ್ಕೆ? ಅವನಿಗೆ ನಗು ಬರುವ ಹಾಗಾಯಿತು. "ಅದಕ್ಕೆಂತ ಮಗಾ, ಚಂದ ಮಾಡಿ ಕೊಡ್ತೆ. ಒಳ್ಳೆ ಪಟ್ಟೆಸೀರಿ ಹಾಕಿ, ಹಿಂದೆ ನೀಲಿ ಕೊಟ್ರೆ—"

"ಅಮ್ಮ ಹೇಳಿದ್ದಿತ್ತ್," ಎಂದಳು ಪ್ರಣೀತಾ. "ಕಾಲೇಜಿನ್ ಚಿತ್ರ ತೆಗುಕೆ ಬಂದಾಗ ಸುಜನ ನನ್ ಫೋಟೊ ತೆಗ್ದ, ದೋಣಿಯಗೆ ನಿತ್ಕಂಡ್, ದೊಡ್ ಕ್ಯಾಮೆರಾದಗೆ, ಅಂದೇಳಿ. ತಲೆ ಸಮ ಮಾಡ್ಕಂಡ್ ಕೂಕಂಡೆ ಅಂದಿತ್ತ್. ಕೇರಿ ಇಡೀ ಹೇಳ್ಕಂಡ್ ಬಂದಿತ್ತ್, ಮರ್ಲ್, ಹುಚ್ಚ್. ನಿಮ್ಮತ್ರ ಫೋಟೊ ಕೇಣ್ಕ್ ಕೇಣ್ಕ್ ಅಂತಿದ್ದಿತ್ತ್. ನಿಮ್ಗ್ ಪುರ್ಸೊತ್ತಿಲ್ಲೆ ಅಂದೇಳಿ ಕೇಣ್ಲಿಲ್ಲ ಏನೊ."

ಕೆಳಗೆ ಕುಂದಾಪುರದ ಬಸ್ಸು ನಿಂತು ಕಂಡಕ್ಟರು ಕೂಗಿದ. ಸುಜನ್ ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಇಟ್ಟ. ಪೋಸು ಕೊಟ್ಟಿದ್ದಳು. ಅವನು ಎಂಟು ತಿಂಗಳು ಹೆದರಿದ ನೋಟ ಅದು. ಎರಡೂವರೆಗೆ ಇತ್ತು, ನಾಲ್ಕಕ್ಕೆ ಇಲ್ಲ.

"ಅದ್ ಇಲ್ಲೆ ಮಗಾ," ಎಂದ. "ಸಿಸ್ಟಮ್ ಒಂದ್ ಸಲ ಹಾಳಾಯಿದ್ದಿತ್ತ್. ಹೋಯ್ತ್."

"ಆ ಮುಖಪುಟದ್ದ್ ಇತ್ತ್ ಅಲ್ದಾ? ಪುಸ್ತಕದಗೆ ಸಣ್ಣದ್. ಅದ್ರಗೆ ಅಮ್ಮ ಇಲ್ಲೆ. ದೊಡ್ಡದ್ ಕಂಡ್ರೆ ಎಲ್ಲಾದ್ರೂ ಕಾಣತ್ತೇನೊ ಅಂದ್ಕಂಡೆ."

ಇಲ್ಲ ಎನ್ನಲಿಕ್ಕೆ ಕಾರಣ ಸಿಗಲಿಲ್ಲ. ತೆರೆದ. ಚಿತ್ರ ಪರದೆ ತುಂಬ ಬಂತು: ಹಂಚಿನ ಮಾಡು, ಕಮಾನು, ದೃಢವಾಗಿ ನಿಂತ ಕೆಂಪು ಗೋಡೆ, ಬುಡದಲ್ಲಿ ಖಾಲಿ ಹೊಯ್ಗೆ, ಮುಂದೆ ಅಲುಗದ ಹೊಳೆ. ಪ್ರಣೀತಾ ಬಗ್ಗಿ ನೋಡಿದಳು. ಬೆರಳನ್ನು ಪರದೆಗೆ ತಾಗಿಸದೆ ಹೊಯ್ಗೆಯ ಮೇಲೆ ಹಿಡಿದು, "ಅಮ್ಮ ಕೂಕಂಬದ್ ಇಲ್ಲಿ," ಎಂದಳು. ಬೆರಳು ನಿಧಾನಕ್ಕೆ ಕೆಳಗಿಳಿಯಿತು. "ಇದೆಂತ ಅಣ್ಣ, ನೀರಗೆ?"

ಅವನೂ ಆಗಲೇ ನೋಡಿದ್ದ. ನೀರನ್ನು ಅವನು ಮುಟ್ಟಿರಲಿಲ್ಲ. ಮೇಲಿನದ್ದನ್ನೆಲ್ಲ ಅಷ್ಟು ಜೋಪಾನವಾಗಿ ಅಳಿಸಿದವನು ಕೆಳಗೆ ಹೊಳೆಯಲ್ಲಿ ಬಿದ್ದ ಬಿಂಬವನ್ನು ಮರೆತಿದ್ದ. ಎಂಟು ತಿಂಗಳು, ಐನೂರು ಪ್ರತಿ, ಗೇಟಿನ ಫ್ಲೆಕ್ಸು, ಸಮಿತಿ, ಪೇಪರು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಬಳ್ಳಿ ನೆರಳ್ ಮಗಾ," ಎಂದ.

"ಹೌದೇನೊ," ಎಂದಳು ಪ್ರಣೀತಾ. ಹೇಳಿದ್ದನ್ನು ನಂಬಿ ಅಭ್ಯಾಸವಿದ್ದ ಹುಡುಗಿ. ಸುಜನ್ ಬೇಗಬೇಗ ಆಧಾರ್ ಕಾರ್ಡನ್ನು ಸ್ಕ್ಯಾನ್ ಮಾಡಿದ, ಮುಖವನ್ನು ಕತ್ತರಿಸಿ ತೆಗೆದ, ಯಾರೋ ಗುರುತಿಲ್ಲದ ಹೆಂಗಸಿನ ಹಸಿರು ಪಟ್ಟೆಸೀರೆಯ ಮೈಗೆ ಕೂರಿಸಿದ, ಕಿವಿಗೆ ಬೆಂಡೋಲೆ ಇಟ್ಟ, ಕಣ್ಣಿನ ಕೆಳಗಿನ ಕಪ್ಪು ತೆಗೆದ. ಇದೆಲ್ಲ ಅವನಿಗೆ ನಿದ್ದೆಯಲ್ಲೂ ಬರುವ ಕೆಲಸ. ಈ ಸೀಮೆಯ ಎಷ್ಟೋ ಮನೆಯ ಗೋಡೆಗಳಲ್ಲಿ ಆ ಹಸಿರು ಸೀರೆ ಉಟ್ಟ ಸತ್ತವರು ಇದ್ದಾರೆ.

"ಚಂದ ಆಯ್ತ್," ಎಂದಳು ಪ್ರಣೀತಾ, ತುಂಬ ಹೊತ್ತು ನೋಡಿ. "ಆದ್ರೆ ಅಮ್ಮ ಹೀಂಗೆ ಕೂಕಂಬುದಿಲ್ಲೆ." ಆಮೇಲೆ, "ಅದನ್ನೊಂದ್ ಸಲ ತಿರ್ಗಿ ತೋರಿಸ್ತ್ರಿಯಾ? ಉಲ್ಟಾ ಮಾಡುಕಾತ್ತಾ?" ಎಂದಳು.

ಚಿತ್ರ ತಿರುಗಿತು. ಕಾಲೇಜು ತಲೆಕೆಳಗಾಯಿತು, ಹೊಳೆ ಮೇಲೆ ಬಂತು. ನೀರಿನಲ್ಲಿ ಮೂವರು ಹೆಂಗಸರು ಕೂತಿದ್ದರು. ಅಂಚಿನವಳು ಒಂದು ಮೊಣಕಾಲು ಎತ್ತಿದ್ದಳು, ತಲೆ ಓರೆ ಮಾಡಿದ್ದಳು. ಮುಖ ಅಲುಗಿ ಮಸುಕಾಗಿತ್ತು. ಅವರ ಹಿಂದೆ ಹೊಟ್ಟೆ ಬಂದ ಗೋಡೆ, ಅದರಲ್ಲಿ ಮೇಲಿಂದ ಕೆಳಗೆ ಕಪ್ಪು ಸೀಳು.

"ಇದ್ ಅಮ್ಮ," ಎಂದಳು ಪ್ರಣೀತಾ. ದನಿಯಲ್ಲಿ ಖುಷಿಯಿತ್ತು. ಅದು ಎಷ್ಟು ಹೊತ್ತು ಇತ್ತೋ ಸುಜನನಿಗೆ ತಿಳಿಯಲಿಲ್ಲ, ಆಮೇಲೆ ಇರಲಿಲ್ಲ. ಅವಳು ಖಾಲಿ ಹೊಯ್ಗೆ ನೋಡಿದಳು, ಸಪಾಟು ಗೋಡೆ ನೋಡಿದಳು, ಮತ್ತೆ ನೀರು ನೋಡಿದಳು. ಲೆಕ್ಕಶಾಸ್ತ್ರ ಓದುವ ಹುಡುಗಿ. "ನೀರಗೆ ಇತ್ತ್," ಎಂದಳು. "ದಡದಗೆ ಎಂತಕ್ಕಿಲ್ಲೆ?"

ಇನ್ನೊಂದು ಸುಳ್ಳು ತಯಾರಿತ್ತು, ಹೇಳಬಹುದಿತ್ತು. "ನಾನ್ ಒರ್ಸಿದ್ದ್," ಎಂದ. "ಗೋಡೆಯೂ ನಾನೇ. ಅವ್ರಿಗೆ ಗೊತ್ತಿದ್ದಿತ್ತ್ ಗೋಡೆ ಬಿರ್ಕ್ ಬಿಟ್ಟದ್ದ್. ನಂಗೂ ಗೊತ್ತಿದ್ದಿತ್ತ್. ಒರಿಜಿನಲ್ಲ್ ಈಗ ಮಧ್ಯಾಹ್ನ ತೆಗ್ದ್ ಹಾಕ್ದೆ, ನೀ ಬತ್ತೆ ಅಂದದ್ದಕ್ಕೆ."

ಅವಳು ಕೂಗುತ್ತಾಳೆ, ಕಪಾಳಕ್ಕೆ ಹೊಡೆಯುತ್ತಾಳೆ ಎಂದು ಕಾದ. ಹಾಗಾದರೆ ಒಂದು ರೀತಿ ಸುಲಭವಿತ್ತು. ಅವಳು ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ಕಿಗೆ ಹಾಕಿ ಚೀಲದಲ್ಲಿಟ್ಟಳು. ಜಿಪ್ಪು ಒಮ್ಮೆಗೆ ಬರದೆ ಎರಡು ಮೂರು ಸಲ ಎಳೆದಳು.

"ಇದ್ ಪ್ರಿಂಟ್ ಮಾಡಿ. ಹೀಂಗೇ, ಎಂತ ಮುಟ್ಟುಕಾಗ. ಎರಡ್ ಬೇಕ್. ಒಂದ್ ಬೊಜ್ಜಕ್ಕೆ, ಒಂದ್ ನಾಳೆ ಬಪ್ಪವ್ರಿಗೆ."

ಪ್ರಿಂಟರು ಗೆರೆ ಗೆರೆಯಾಗಿ ಚಿತ್ರವನ್ನು ಹೊರಗೆ ತಳ್ಳುವ ತನಕ ಇಬ್ಬರೂ ಅದನ್ನೇ ನೋಡುತ್ತ ನಿಂತರು. ಹಾಳೆ ಬಿಸಿಯಿತ್ತು. ಅವಳು ಎರಡರಲ್ಲಿ ಒಂದನ್ನು ಬೋರಲು ಹಾಕಿ ಅವನ ಮುಂದಿಟ್ಟಳು.

"ಹಿಂದೆ ನಿಮ್ ಹೆಸ್ರ್ ಬರೀರಿ ಅಣ್ಣ. ತಾರೀಕ್ ಹಾಕಿ."

ಅವನು ಬರೆದ. ಸ್ಟುಡಿಯೋದ ಹೆಸರು, ತನ್ನ ಹೆಸರು, ಫೆಬ್ರುವರಿಯ ತಾರೀಕು. ಬರೆದು ಹಾಳೆಯನ್ನು ಅವಳ ಕಡೆ ಸರಿಸಿದ. ಪ್ರಣೀತಾ ಅದನ್ನು ಓದಿ, ತೆಗೆದುಕೊಳ್ಳದೆ, ಮತ್ತೆ ಅವನ ಕಡೆಗೇ ಸರಿಸಿದಳು.

"ನೀವ್ ಮಾಡಿದ್ದೂ ಬರೀರಿ," ಎಂದಳು.